ಎಲೆಯಾಟದ ಸುಳ್ಳು

ಇಸ್ಪೀಟು ಆಟದಾಗ ಕೈಯಲ್ಲಿ ಏನೂ ಇಲ್ಲದವನು ಎಲ್ಲಾ ಇದ್ದವನಂಗೆ ಮೀಸೆ ತಿರುವುತಾನೆ. ಇದು ಸುಳ್ಳೇ? ಸುತ್ತ ಕುಂತವರೆಲ್ಲ ಹಿಂಗೇ ಮಾಡೋರು, ಎಲ್ಲರೂ ಒಪ್ಪಿಕೊಂಡೇ ಕುಂತಿರ್ತಾರೆ. ಅದಕ್ಕೇ ಇದನ್ನ ಯಾರೂ ಪಾಪದ ಲೆಕ್ಕಕ್ಕೆ ಹಿಡಿಯಂಗಿಲ್ಲ. ಈಗ ಯಂತ್ರವೂ ಇದನ್ನ ಕಲಿತದೆ.

2017ರ ಜನವರಿಯಲ್ಲಿ ಅಮೆರಿಕಾದ ಪಿಟ್ಸ್‌ಬರ್ಗ್ ಊರಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪೋಕರ್ ಎಂಬ ಎಲೆಯಾಟದಲ್ಲಿ ನಾಲ್ಕು ಮಂದಿ ಪಳಗಿದ ಆಟಗಾರರನ್ನ ಸೋಲಿಸಿತು. 20 ದಿನ, 1,20,000 ಆಟ. 1997ರಲ್ಲೇ ಚದುರಂಗದ ಕಾಸ್ಪರೋವ್ ಯಂತ್ರಕ್ಕೆ ಸೋತಿದ್ದ, ಖರೆ. ಆದ್ರೆ ಚದುರಂಗದಾಗ ಕಾಯಿ ಎಲ್ಲ ಬಯಲಿಗೇ ಇರ್ತಾವೆ, ಎಲೆಯಾಟದಾಗ ಎದುರಾಳಿ ಕೈಯಾಗೇನೈತೋ ಕಾಣಂಗಿಲ್ಲ. ಲಿಬ್ರಾಟಸ್‌ಗೆ ಯಾರೂ ಮೋಸದ ಪಾಠ ಹೇಳಿರಲಿಲ್ಲ, ಆಟದ ನಿಯಮ ಮಾತ್ರ ಕೊಟ್ಟಿದ್ದರು. ತನ್ನೊಡನೆ ತಾನೇ ಆಡಿ ಆಡಿ, ಕೆಟ್ಟ ಎಲೆ ಬಂದಾಗಲೂ ಎಷ್ಟು ಸಲ ಪಣ ಏರಿಸಿದರೆ ಲಾಭ ಅಂತ ಲೆಕ್ಕ ತೆಗೆದುಕೊಂಡಿತು. ರಾತ್ರಿಯೆಲ್ಲ ಕುಂತು, ಹಗಲು ಎದುರಾಳಿಗಳು ಹಿಡಿದಿದ್ದ ತನ್ನ ಸಂದುಗಳನ್ನ ಮುಚ್ಚಿಕೊಳ್ತಿತ್ತು. (ಹೊಲದ ಒಡ್ಡು ಕಟ್ಟೋಕೆ ಇಂಥ ಆಳು ನಮಗೆ ಸಿಗಂಗಿಲ್ಲ.)

ಅಲ್ಲಿ ಸೋತವರಿಗೆ ಮೋಸ ಆಯ್ತು ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. ಎದುರಿಗಿರೋದು ಯಂತ್ರ ಅಂತ ಆ ನಾಲ್ವರಿಗೂ ಗೊತ್ತಿತ್ತು.

ಮಾತಿನ ಆಟದ್ದೂ ಹಿಂಗೇ. 2011ರಲ್ಲಿ ವಾಟ್ಸನ್ ಎಂಬ ಯಂತ್ರ ಅಮೆರಿಕಾದ ಟಿವಿ ಕ್ವಿಜ್‌ನಲ್ಲಿ ಇಬ್ಬರು ಹುಲಿಗಳನ್ನ ಸೋಲಿಸಿತು. ನಡುವೆ ಅಮೆರಿಕಾದ ಊರು ಕೇಳಿದರೆ ಕೆನಡಾದ ಟೊರಾಂಟೊ ಅಂದುಬಿಟ್ಟಿತು, ಎಲ್ಲರೂ ನಕ್ಕರು, ಅದಕ್ಕೆ ಮಾತ್ರ ನಾಚಿಕೆ ಇಲ್ಲ. ನಾವು ಹಾಡೋರು ಬಲ್ಲೆವು ಆ ನಾಚಿಕೆ. ಹರದೇಶಿ-ನಾಗೇಶಿಯಾಗ ಪದದಲ್ಲೇ ಸವಾಲು ಬರ್ತದೆ, ಪದದಲ್ಲೇ ಬಿಡಿಸಬೇಕು. ಉತ್ತರ ಹೊಳೀಲಿಲ್ಲ ಅಂದ್ರೆ ಪಲ್ಲವಿಯನ್ನೇ ನಾಲ್ಕು ಸಲ ಎಳೀತಾರೆ. ಅದೂ ಸುಳ್ಳೇ, ಮೀಸೆ ತಿರುವಿದಂಗೇ. ಕೇಳೋರಿಗೆ ತಿಳೀತದೆ, ನಗ್ತಾರೆ, ಆದ್ರೂ ಹೊಳೀತದೇನೋ ಅಂತ ಕಾದು ಕುಂತಿರ್ತಾರೆ.

ನನಗೆ ಭಯ ಫೋನಿನ ಆಟದ್ದು. 2020ರಲ್ಲಿ ನಮ್ಮ ಆಂಧ್ರ ಸರ್ಕಾರ ಪಣದ ಆನ್‌ಲೈನ್ ರಮ್ಮಿ, ಪೋಕರ್ ನಿಷೇಧ ಮಾಡಿತು. ದುಡ್ಡಿಲ್ಲದ ಆಟ ಐತೆ. ಅಲ್ಲಿ ಎದುರಿಗೆ ಒಂದು ಹೆಸರು, ಒಂದು ಚಿತ್ರ ಬರ್ತದೆ. ಆ ಹೆಸರಿನ ಹಿಂದೆ ಯಂತ್ರವನ್ನ ಕುಂದ್ರಿಸಿ ಮನುಷ್ಯ ಅಂತ ತೋರಿಸಿದರೆ, ಆ ಸುಳ್ಳನ್ನ ಆಡೋ ಹುಡುಗ ಒಪ್ಪಿಕೊಂಡಿಲ್ಲ. ಅದು ಯಂತ್ರದ ಸುಳ್ಳೂ ಅಲ್ಲ, ಕುಂದ್ರಿಸಿದವನದು. ಚಿಪ್ಪಗಿರಿಯ ಕಟ್ಟೆ ಮೇಲೆ ಫೋನು ಹಿಡಿದ ಹುಡುಗರಿಗೆ ಎದುರಾಳಿ ಯಾರಪ್ಪಾ ಅಂದ್ರೆ, ತಲೆ ಎತ್ತದೆ ಹೇಳ್ತಾರೆ: “ಯಾರೋ ಗುಂಟೂರಿನವನು ತಾತ, ಹೆಸರು ಬಂದೈತಲ್ಲ.”