ಬಿಡುವು ಯಾರ ಪಾಲಿಗೆ?

ದುಡಿಮೆಗೆ ಇಷ್ಟು ಗಂಟೆ, ವಿಶ್ರಾಂತಿಗೆ ಇಷ್ಟು ಗಂಟೆ ಎಂಬ ಲೆಕ್ಕವು ಬಹಳ ಹಳೆಯದಲ್ಲ. ನಮ್ಮ ಹಿರಿಯರ ಬಿಡುವನ್ನು ಗೊತ್ತುಪಡಿಸುತ್ತಿದ್ದುದು ಪಂಚಾಂಗ. ಪಾಠಶಾಲೆಗಳಲ್ಲಿ ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಪರ್ವದಿನಗಳಂದು ಅನಧ್ಯಾಯ. ಹೊಲದಲ್ಲಿ ಮಳೆ-ಬೆಳೆಗಳನ್ನು ಅನುಸರಿಸಿ ದುಡಿಮೆ. ಭಾನುವಾರಕ್ಕೆ ಅಲ್ಲಿ ವಿಶೇಷ ಸ್ಥಾನವೇನೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದಾಗ ಈ ಕ್ರಮವು ಮುರಿಯಿತು. ಯಂತ್ರಕ್ಕೆ ತಿಥಿಯೂ ಇಲ್ಲ, ವಾರವೂ ಇಲ್ಲ. 1881ರ ಮೊದಲ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಕೂಡದೆಂದಿತು. ಅದಕ್ಕೆ ಮೇಲ್ಪಟ್ಟು ಹನ್ನೆರಡರೊಳಗಿನವರಿಗೆ ದಿನಕ್ಕೆ 9 ಗಂಟೆಯ ಮಿತಿ. ಇದೇ ಅಂದಿನ ದಯೆ! ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕೂಲಿಗಾರರನ್ನು ಕೂಡಿಸಿ ವಾರಕ್ಕೊಂದು ರಜೆಯನ್ನು ಬೇಡಿದರು. ಅದು ದೊರೆತದ್ದು 1890ರಲ್ಲಿ. ಮುಂದೆ 1911ರ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ಗಂಡಸರ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಇಳಿಸಿತು. ವಾರದ ಮಿತಿಯು 1922ರಲ್ಲಿ 60 ಗಂಟೆ, 1946ರಲ್ಲಿ 48 ಗಂಟೆ ಆಯಿತು. ಭಾನುವಾರದ ಪ್ರವಚನಕ್ಕೆ ನಿಶ್ಚಿಂತೆಯಿಂದ ಬಂದು ಕೂಡುವ ನಾವೆಲ್ಲರೂ ಆ ಗಿರಣಿಯ ಕೂಲಿಗಾರರಿಗೆ ಋಣಿಗಳು.

ಆದರೆ ಈ ಯಾವ ಕಾಯಿದೆಯೂ ಅಡಿಗೆಮನೆಯ ಹೊಸ್ತಿಲನ್ನು ದಾಟಲಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯೊಂದು ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ವಿಚಾರಿಸಿತು. ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕೆ ದಿನವೂ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು, ಪುರುಷರು 97 ನಿಮಿಷ. ಅದೂ ಪುರುಷರಲ್ಲಿ ಆ ಕೆಲಸಕ್ಕೆ ಕೈಹಾಕಿದವರು ನೂರಕ್ಕೆ 26 ಮಂದಿ ಮಾತ್ರ.

ನಮ್ಮ ಮನೆಗಳನ್ನೇ ನೋಡೋಣ. ಯಜಮಾನರಿಗೆ ಹಬ್ಬದ ರಜೆಯೆಂದರೆ ಗೃಹಿಣಿಗೆ ಇಮ್ಮಡಿ ದುಡಿಮೆ. ಏಕಾದಶಿಯಂದು ಒಲೆಗೆ ವಿಶ್ರಾಂತಿ ಉಂಟು, ನಿಜ. ಆ ಸಾಲವನ್ನು ದ್ವಾದಶಿಯ ಬೆಳಗಿನ ಜಾವದಲ್ಲಿಯೇ ತೀರಿಸಬೇಕು. ಪಾರಣೆಯ ಹೊತ್ತಿಗೆ ಎಲೆ ಹಾಕಬೇಕಾದರೆ ಉಪವಾಸದಿಂದ ಬಳಲಿದ ದೇಹವೇ ಕತ್ತಲಲ್ಲಿ ಎದ್ದು, ಮಡಿಯುಟ್ಟು, ಒಲೆ ಹೊತ್ತಿಸಬೇಕು. ಪುರಾಣಶ್ರವಣವು ಸ್ತ್ರೀಯರಿಗೂ ವಿಹಿತವೆಂಬುದರಲ್ಲಿ ವಿವಾದವಿಲ್ಲ. ಆದರೆ ಶ್ರವಣಕ್ಕೆ ಕಿವಿಯೊಂದಿದ್ದರೆ ಸಾಲದಷ್ಟೆ, ಹೊತ್ತೂ ಬೇಕು.

ಅಡಿಗೆಯೂ ಭಗವತ್ಸೇವೆಯೇ, ಸೇವೆಗೆ ಗಂಟೆಯ ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ಸೇವೆಯೆಂಬುದು ಸತ್ಯ. ಆದರೆ ಆ ಮಾತನ್ನು ಆಡಲು ಅರ್ಹರು ಸೇವೆ ಮಾಡುವವರೇ ಹೊರತು ಎಲೆಯ ಮುಂದೆ ಕುಳಿತವರಲ್ಲ. ಅಲ್ಲದೆ, ಸೇವೆಯಾದರೆ ಅದರ ಪುಣ್ಯದಲ್ಲಿ ನಮಗೂ ಪಾಲು ಬೇಡವೆ? ಮಠಗಳ ಪಾಕಶಾಲೆಗಳಲ್ಲಿ ಮಡಿಯಿಂದ ಅಡಿಗೆ ಮಾಡುವವರು ಪುರುಷರೇ. ಹಾಗಿರುವಾಗ ಮನೆಯಲ್ಲಿ ಮಡಿನೀರು ತರುವುದಕ್ಕೂ ಈಳಿಗೆಮಣೆಯ ಮುಂದೆ ಕೂಡುವುದಕ್ಕೂ ನಮಗೆ ಯಾವ ಅಡ್ಡಿಯೂ ತೋರದು. ಬರುವ ದ್ವಾದಶಿಯಂದೇ ಒಂದು ಗಂಟೆ ಮೊದಲು ಎದ್ದು ಪ್ರಾರಂಭಿಸಬಹುದು.