ಸಾಗರಕ್ಕೆ ತಕ್ಕ ದೋಣಿ

ಸಮುದ್ರವನ್ನು ದಾಟುವ ವಿಚಾರವಾಗಿ ನಮ್ಮ ಶರಣರೂ ದಾಸರೂ ಆಡಿದ ಮಾತು ಅಪಾರ. ಆದರೆ ದೋಣಿಯ ಅಡಿ ಹೇಗಿರಬೇಕು, ಹಾಯಿ ಎಷ್ಟಿರಬೇಕು ಎಂದು ಅವರು ಅಷ್ಟಾಗಿ ವಿಚಾರಿಸಿದವರಲ್ಲ. ದಾಟಿಸುವ ಅಂಬಿಗ ಯಾರು ಎಂದು ಕೇಳಿದರು. ಭವಸಾಗರಕ್ಕೆ ಅಷ್ಟು ಸಾಕಾಗಬಹುದು, ಅಟ್ಲಾಂಟಿಕ್ ಸಾಗರಕ್ಕೆ ಸಾಲದು. ನಿಜವಾದ ಉಪ್ಪುನೀರಿನ ಮೇಲೆ ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಹೋಗುವವರು ಮೊದಲು ವಿಚಾರಿಸುವುದು ದೋಣಿಯನ್ನೇ. ಆ ವಿಷಯದಲ್ಲಿ ಅವರ ನಡುವೆ ಇರುವ ಜಗಳ ನಮ್ಮ ದ್ವೈತಾದ್ವೈತಗಳ ಜಗಳಕ್ಕಿಂತ ಕಡಮೆಯದಲ್ಲ.

ಒಂದು ಪಕ್ಷದವರಿಗೆ ದೋಣಿ ಭಾರವಾಗಿರಬೇಕು, ಆಳವಾಗಿರಬೇಕು. ಅಡಿಯ ಬೆನ್ನೆಲುಬು ಉದ್ದಕ್ಕೂ ಹಾದು, ಚುಕ್ಕಾಣಿ ಅದರ ತುದಿಗೇ ಅಂಟಿಕೊಂಡಿರಬೇಕು. ಅದು ನಿಧಾನ, ಆದರೆ ಹಿಡಿದ ದಾರಿ ಬಿಡದು. ಇನ್ನೊಂದು ಪಕ್ಷದವರಿಗೆ ವೇಗವೇ ರಕ್ಷೆ. ಹಗುರವಾದ ದೋಣಿ ಬಿರುಗಾಳಿಯ ದಾರಿಯಿಂದ ಸರಿದು ಹೋಗಬಲ್ಲುದು. ಸಮುದ್ರದ ಮೇಲೆ ಕಳೆಯುವ ದಿನ ಕಡಮೆಯಾದಷ್ಟೂ ಅಪಾಯವೂ ಕಡಮೆ. ಮೂರನೆಯವರು ಎರಡು ಮೂರು ಒಡಲುಗಳನ್ನು ಜೋಡಿಸಿದ ಕಟಮರಾನ್, ಟ್ರೈಮರಾನ್‌ಗಳ ಭಕ್ತರು. ಇವರಿಗೂ ಮೊದಲಿಬ್ಬರಿಗೂ ಇರುವ ವ್ಯತ್ಯಾಸ ಸ್ವಾರಸ್ಯವಾದುದು. ಒಂದೇ ಒಡಲಿನ ದೋಣಿಗೆ ಅಡಿಯಲ್ಲಿ ಸೀಸದ ಅಥವಾ ಕಬ್ಬಿಣದ ಭಾರವಿರುತ್ತದೆ. ಅಲೆ ಮಗುಚಿದರೂ ಆ ಭಾರ ಅದನ್ನು ತಿರುಗಿಸಿ ಎಬ್ಬಿಸುತ್ತದೆ. ಆದರೆ ಒಳಗೆ ನೀರು ತುಂಬಿತೋ, ಎಬ್ಬಿಸಬೇಕಾದ ಆ ಭಾರವೇ ತಳಕ್ಕೆ ಎಳೆದುಕೊಂಡು ಹೋಗುತ್ತದೆ. ಟ್ರೈಮರಾನಿಗೆ ಈ ಭಾರವಿಲ್ಲ. ಒಮ್ಮೆ ಮಗುಚಿದರೆ ತಾನಾಗಿ ಏಳದು. ಆದರೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ.

ಎದ್ದು ನಿಂತರೂ ಮುಳುಗಬಹುದಾದುದು ಲೇಸೋ, ಏಳದಿದ್ದರೂ ತೇಲುವುದು ಲೇಸೋ? ಇದು ಇಂಜಿನಿಯರಿಗೆ ಬಿಟ್ಟ ವಿಷಯ, ಕನ್ನಡ ಮೇಷ್ಟರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಯಾವ ದೋಣಿ ಎಷ್ಟು ವಾಲಿದರೆ ಮಗುಚೀತೆಂದು ಇಂಜಿನಿಯರು ಲೆಕ್ಕ ಹಾಕಿ ಹೇಳಬಲ್ಲ. ಯಾವ ಬಗೆಯ ಕೇಡಿಗೆ ನಾನು ಒಪ್ಪಿ ಹೊರಟಿದ್ದೇನೆ ಎಂಬುದು ಅವನ ಪುಸ್ತಕದಲ್ಲಿಲ್ಲ.

1968ರಲ್ಲಿ ಒಬ್ಬೊಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯ ಇಂಗ್ಲೆಂಡಿನಲ್ಲಿ ಏರ್ಪಟ್ಟಿತು. ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಒಬ್ಬ. ಆ ರಾಬಿನ್ ನಾಕ್ಸ್-ಜಾನ್‌ಸ್ಟನ್ನನ ದೋಣಿ 'ಸುಹೈಲಿ' ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. 32 ಅಡಿಯ, ಭಾರವಾದ, ಹಳೆಯ ನಮೂನೆಯ ದೋಣಿ. ಆತನಿಗೆ ಉಕ್ಕಿನ ದೊಡ್ಡ ದೋಣಿಯೊಂದನ್ನು ಕಟ್ಟಿಸುವ ಆಸೆಯಿತ್ತು. ಹಣ ಕೊಡುವವರು ಸಿಗಲಿಲ್ಲ. ಇದ್ದುದರಲ್ಲೇ ಹೊರಟ. ದಾರಿಯಲ್ಲಿ ಸಂದುಗಳಿಂದ ನೀರು ಒಸರಿತು. ಆತ ಸಮುದ್ರಕ್ಕೆ ಇಳಿದು ಮುಚ್ಚಿದ. ತಾನಾಗಿ ದಿಕ್ಕು ಹಿಡಿಯುವ ಸಲಕರಣೆ ಮುರಿಯಿತು, ರೇಡಿಯೊ ಕೆಟ್ಟಿತು. 312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು, ಹೊರಟ ಬಂದರಿಗೇ ಬಂದು ಸೇರಿದ. ಭಾರದ ಪಕ್ಷದವರು ಇಂದಿಗೂ ಇದನ್ನು ಪ್ರಮಾಣವಾಕ್ಯದಂತೆ ಎತ್ತಿ ಆಡುವುದುಂಟು. (ಉಕ್ಕಿನ 'ಜೋಶುವಾ'ದಲ್ಲಿ ಹೊರಟಿದ್ದ ಫ್ರಾನ್ಸಿನ ಮ್ವಾತೆಸಿಯೆ, ಕೇಪ್ ಹಾರ್ನ್ ದಾಟಿಯೂ ಬಹುಮಾನ ಬೇಡವೆಂದು ಮತ್ತೆ ಪೂರ್ವಕ್ಕೇ ಹೋಗಿ ತಾಹಿತಿಯಲ್ಲಿ ಇಳಿದ. ಅದು ಬೇರೆಯೇ ಒಂದು ಪ್ರಬಂಧದ ವಸ್ತು.)

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಟ್ರೈಮರಾನಿನಲ್ಲಿ ಹೊರಟ. ಮಗುಚಿದರೆ ಎಬ್ಬಿಸಲು ತಾನೇ ಒಂದು ಉಪಾಯವನ್ನು ಕಲ್ಪಿಸಿದ್ದ, ಕೆಲಸ ಮುಗಿದಿರಲಿಲ್ಲ. ಆದರೂ ಗಡುವಿನ ಕೊನೆಯ ದಿನವಾದ ಅಕ್ಟೋಬರ್ 31ರಂದು ಬಂದರು ಬಿಟ್ಟ. ಈ ದೋಣಿ ದಕ್ಷಿಣದ ಅಲೆಗಳಿಗೆ ತಡೆಯದೆಂದು ಬೇಗನೆ ತಿಳಿಯಿತು. ಹಿಂದಿರುಗಿದರೆ ಸಾಲ, ಅವಮಾನ, ಮುಂದುವರಿದರೆ ಸಾವು. ಆತ ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿಯನ್ನು ಸುತ್ತುತ್ತಿರುವುದಾಗಿ ಸುಳ್ಳು ಸುದ್ದಿ ಕಳಿಸಿದ. ಈ ಸುಳ್ಳಿನ ಬೆಲೆ ಕೊಟ್ಟವನು ನೈಜಲ್ ಟೆಟ್ಲಿ. ಅವನದೂ ಟ್ರೈಮರಾನೇ. ಅದು ಕೇಪ್ ಹಾರ್ನನ್ನು ದಾಟಿ, ಬಹುಪಾಲು ದಾರಿ ಸವೆಸಿ, ಜರ್ಜರಿತವಾಗಿತ್ತು. ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆಂದು ನಂಬಿ ಟೆಟ್ಲಿ ಹಾಯಿ ಇಳಿಸದೆ ಓಡಿಸಿದ. 1969ರ ಮೇ 21ರಂದು ದೋಣಿ ಒಡೆದು ಮುಳುಗಿತು. ಜುಲೈ ತಿಂಗಳಲ್ಲಿ ಕ್ರೌಹರ್ಸ್ಟನ ದೋಣಿ ಒಡೆಯನಿಲ್ಲದೆ ತೇಲುತ್ತ ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5000 ಪೌಂಡನ್ನು ಆತನ ಸಂಸಾರಕ್ಕೆ ಕೊಟ್ಟುಬಿಟ್ಟ.

ಈ ಎರಡು ಟ್ರೈಮರಾನ್‌ಗಳನ್ನು ತೋರಿಸಿ ಆ ಜಾತಿಯೇ ಕೆಟ್ಟದ್ದು ಎನ್ನುವುದು ನ್ಯಾಯವಲ್ಲ. ಟೆಟ್ಲಿಯ ದೋಣಿಯನ್ನು ಮುಳುಗಿಸಿದ್ದು ಅದರ ಮೂರು ಒಡಲುಗಳಿಗಿಂತ ಹೆಚ್ಚಾಗಿ ಇನ್ನೊಬ್ಬನ ಸುಳ್ಳು. ಸುಹೈಲಿಯ ಪಕ್ಷಕ್ಕೂ ಉತ್ತರ ಸಿಕ್ಕಿದೆ. 2018ರಲ್ಲಿ ಅದೇ ಪಂದ್ಯವನ್ನು ಹಳೆಯ ಕ್ರಮದಲ್ಲಿ, ಹಳೆಯ ನಮೂನೆಯ ಭಾರದ ದೋಣಿಗಳಿಗೆ ಮಾತ್ರ ಎಂದು ಮತ್ತೆ ನಡೆಸಿದರು. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರು ಗೋವೆಯಲ್ಲಿ ಕಟ್ಟಿದ, ಸುಹೈಲಿಯ ಪಡಿಯಚ್ಚಾದ 'ತುರೀಯ'ದಲ್ಲಿ ಹೋದರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿ ಅದನ್ನು ಮಗುಚಿ ಕಂಬ ಮುರಿಯಿತು. ದೋಣಿ ಶಾಸ್ತ್ರೋಕ್ತವಾಗಿ ಎದ್ದು ನಿಂತಿತು. ಟೋಮಿಯವರ ಬೆನ್ನೆಲುಬು ಮುರಿದಿತ್ತು. ವಿಮಾನಗಳು ಹುಡುಕಿ, ಫ್ರಾನ್ಸಿನ 'ಓಸಿರಿಸ್' ಹಡಗು ಬಂದು ಅವರನ್ನು ಎತ್ತಿಕೊಂಡಿತು. ಅದೇ ನಕ್ಷೆ, ಅದೇ ತರದ ನೀರು, ಫಲ ಬೇರೆ.

1979ರ ಫಾಸ್ಟ್‌ನೆಟ್ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ ಹದಿನೈದು ಮಂದಿ ನಾವಿಕರು ಸತ್ತಾಗ, ಹಗುರ ದೋಣಿಗಳ ಮೇಲೆ ಬೇಕಾದಷ್ಟು ದೂಷಣೆ ಬಂತು. ಆದರೆ ಜನ ಬಿಟ್ಟುಹೋಗಿದ್ದ 24 ದೋಣಿಗಳಲ್ಲಿ 19 ಆಮೇಲೂ ತೇಲುತ್ತ ಸಿಕ್ಕಿದುವು. ತೆಪ್ಪಕ್ಕೆ ಇಳಿದು ಸತ್ತವರೂ ಇದ್ದರು. ಆ ಕತ್ತಲೆಯಲ್ಲಿ ಅವರು ದೋಣಿಯನ್ನು ನಂಬಬೇಕಾಗಿತ್ತು ಎಂದು ಜಗಲಿಯ ಮೇಲೆ ಕುಳಿತು ತೀರ್ಪು ಕೊಡುವ ಹಕ್ಕು ನನಗಿಲ್ಲ.

ನನಗೆ ತೋರುವುದಿಷ್ಟು. ದೋಣಿಯ ಆಯ್ಕೆ ಒಬ್ಬನ ಸ್ವಂತ ಅಭಿರುಚಿಯೆನಿಸುವುದು ಅದು ಕೆಡುವ ತನಕ ಮಾತ್ರ. ಕೆಟ್ಟ ಗಳಿಗೆಯಿಂದ ಅದು ವಿಮಾನ ಹಾರಿಸುವವನ, ದಾರಿ ಬಿಟ್ಟು ಬರುವ ಹಡಗಿನವನ ಪ್ರಾಣಕ್ಕೂ ಸಂಬಂಧಿಸಿದ್ದು. ಹಾಗೆಂದು ಯಾರೂ ಹೊರಡಬಾರದು ಎನ್ನಲಾರೆ. ಆದರೆ ದೋಣಿಗಳನ್ನು ಹೋಲಿಸುವವರು ವೇಗವನ್ನೂ ಭಾರವನ್ನೂ ಎಣಿಸುವಂತೆ, ತಾನು ಗುರುತಿಲ್ಲದವರಿಂದ ಏನನ್ನು ಬೇಡಬೇಕಾದೀತು ಎಂಬುದನ್ನೂ ಎಣಿಸಬೇಕು. ಕ್ರೌಹರ್ಸ್ಟ್ ಎಣಿಸದೆ ಬಿಟ್ಟದ್ದು ಇದನ್ನೇ.

2022ರ ಪಂದ್ಯದಲ್ಲಿಯೂ ಎಲ್ಲವೂ ಒಪ್ಪಿತ ನಮೂನೆಯ ದೋಣಿಗಳೇ. ನವೆಂಬರ್ 18ರಂದು ಫಿನ್ಲೆಂಡಿನ ತಾಪಿಯೊ ಲೆಹ್ತಿನೆನ್ ಎಂಬ ಅನುಭವಿಯ ದೋಣಿ, ದಕ್ಷಿಣ ಆಫ್ರಿಕದ ಆಗ್ನೇಯಕ್ಕೆ, ಕೆಲವೇ ನಿಮಿಷಗಳಲ್ಲಿ ಮುಳುಗಿತು. ಆತ ರಬ್ಬರಿನ ತೆಪ್ಪದಲ್ಲಿ ಉಳಿದ. ಅದೇ ಪಂದ್ಯದಲ್ಲಿದ್ದ ಕರ್ಸ್ಟನ್ ನಾಯ್‌ಶೇಫರ್ ಎಂಬ ದಕ್ಷಿಣ ಆಫ್ರಿಕದ ಮಹಿಳೆ ತನ್ನ ನಿಧಾನದ, ಭಾರದ ದೋಣಿಯನ್ನು ಆ ಕಡೆಗೆ ತಿರುಗಿಸಿದಳು. ರಾತ್ರಿಯೆಲ್ಲ ಚುಕ್ಕಾಣಿ ಹಿಡಿದು ಹೋಗಿ, ಹಗ್ಗ ಎಸೆದು ಆತನನ್ನು ಎಳೆದುಕೊಂಡಳು. ಕುಡಿಯಲು ಸ್ವಲ್ಪ ರಮ್ ಕೊಟ್ಟಳು. ಅಷ್ಟರಲ್ಲಿ ಅತ್ತ ಬಂದ ಸರಕುಹಡಗಿಗೆ ಆತನನ್ನು ಹತ್ತಿಸಿ, ಮತ್ತೆ ಪೂರ್ವಕ್ಕೆ ಹಾಯಿ ಕಟ್ಟಿದಳು. ಮರುವರ್ಷ ಏಪ್ರಿಲ್‌ನಲ್ಲಿ ಮೊದಲು ದಡ ಮುಟ್ಟಿದವಳೂ ಆಕೆಯೇ. ಎರಡನೆಯವರಾಗಿ, ಬೇರೊಂದು ದೋಣಿಯಲ್ಲಿ, ಟೋಮಿಯವರು ಬಂದರು.