ಬೇಡ ಅನ್ನಬಲ್ಲವನು

(ಕ್ಯಾತನಹಳ್ಳಿಯ ಹೊರಗೆ, ಭತ್ತ ಕೊಯ್ದು ಬಿಟ್ಟ ಗದ್ದೆ. ಶಿರಾ ಕಡೆಯಿಂದ ಬಂದ ಕುರಿಮಂದೆ ಇಲ್ಲಿ ತಂಗಿದೆ. ಗದ್ದೆ ಮೇಷ್ಟ್ರದು, ನಿವೃತ್ತರಾದ ಮೇಲೆ ಅವರು ಮೈಸೂರು ಸೇರಿದ್ದಾರೆ. ವಾರಕ್ಕೆ ಮಾಡುವವನು ಗೌಡ. ಕುರಿಗಳನ್ನು ಬಲೆಯೊಳಗೆ ತರುಬಿದ ಮೇಲೆ ಮೂವರೂ ಬದುವಿನ ಮೇಲೆ ಕೂತಿದ್ದಾರೆ.)

ಕುರಿಯಣ್ಣ: ಜಾಗ ಕೊಟ್ರಲ್ಲ ಮೇಷ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಮ್ಮ ಕಡೆ ಈಗ ಒಂದು ಕಡ್ಡಿ ಹುಲ್ಲಿಲ್ಲ. ಹೋಗೋವಾಗ ಒಂದು ಮರಿ ಬಿಟ್ಟು ಹೋಗ್ತೀನಿ, ಬೇಡ ಅನ್ನಬಾರದು.

ಮೇಷ್ಟ್ರು: ಮರಿ ಯಾಕಯ್ಯ? ಲೆಕ್ಕ ನೋಡಿದ್ರೆ ನಾವೇ ನಿನಗೆ ಕೊಡಬೇಕು. ರಾತ್ರಿಯೆಲ್ಲ ಹಿಕ್ಕೆ, ಗಂಜಲ ಬಿದ್ದು ಗದ್ದೆ ಹದವಾಯ್ತು. ಅದಕ್ಕೇ ತಾನೆ ರಾತ್ರಿಗೆ ಇಷ್ಟು ಅಂತ ಗೌಡ ನಿನಗೆ ಅಕ್ಕಿ ಅಳೆದದ್ದು?

ಗೌಡ: ಅಕ್ಕಿ ಅಳೆದೋನು ನಾನು, ಗೊಬ್ಬರ ಬಿದ್ದಿದ್ದು ನಿಮ್ಮ ಗದ್ದೆಗೆ, ಮರಿ ಹೋಗಾದು ನಿಮ್ಮ ಮನೆಗೆ. ಚೆಂದಾಗದೆ ಬುಡಿ ಮೇಷ್ಟ್ರೇ.

ಮೇಷ್ಟ್ರು: ಚುಚ್ಚಬೇಡಪ್ಪ. ನಾನು ಕೇಳ್ತಿರೋದು ಬೇರೆ. ಅವನಿಗೆ ಅಕ್ಕಿ ಸಂದಿತು, ನಮಗೆ ಗೊಬ್ಬರ ಸಂದಿತು. ಇನ್ನು ಉಪಕಾರದ ಮಾತೆಲ್ಲಿ ಉಳೀತು?

ಕುರಿಯಣ್ಣ: ಅಕ್ಕಿ ಹಿಕ್ಕೆಗಾಯ್ತು. ಮರಿ ಅದಕ್ಕಲ್ಲ. ಕತ್ತಲಾಗೋ ಹೊತ್ತಿಗೆ ಗುರುತಿಲ್ಲದೋನೊಬ್ಬ ನಾಯಿ, ಕತ್ತೆ, ಹೆಂಡ್ರು ಮಕ್ಕಳನ್ನ ಕಟ್ಕಂಡು ಬಂದು ನಿಂತಾಗ ‘ಇಳ್ಕೋ’ ಅಂದ್ರಲ್ಲ, ಅದಕ್ಕೆ. ಕಳ್ಳನೋ ಏನೋ ಅಂತ ಓಡಿಸೋರೂ ಅವ್ರೆ ಸ್ವಾಮಿ. ಓಡಿಸಿದ್ರೆ ನಾನು ಯಾರಿಗೆ ಹೇಳ್ಲಿ?

ಗೌಡ: ಇವನ ಮಾತು ಕೇಳಿದ್ರೆ ನಮ್ಮಪ್ಪನ ಕಾಲದ ಬೇಟೆಯೋರು ಗ್ಯಾಪಕ ಬತ್ತಾರೆ. ಬಲೆ, ನಾಯಿ, ಭರ್ಜಿ ಹಿಡ್ಕಂಡು ಪರವೂರೋರು ಬರೋರು, ಮೊಲಕ್ಕೆ, ಹಂದಿಗೆ. ಹೊಲಕ್ಕೆ ಇಳಿಯೋಕೆ ಮುಂಚೆ ಜಮೀನಿನ ಯಜಮಾನ್ರ ಅಪ್ಪಣೆ ಕೇಳೋರು. ಹಂದಿ ಬಿದ್ರೆ ಒಂದು ತೊಡೆ ಯಜಮಾನ್ರಿಗೆ. ನಮ್ಮ ಯಜಮಾನ್ರು ಪ್ಯಾಟೇಲಿದ್ರು, ಮಾಂಸ ಮುಟ್ಟೋರಲ್ಲ. ಅವರಿಗೆ ತೊಡೆ ಬದಲು ಬಾಳೆಗೊನೆ ಹೋಗೋದು.

ಮೇಷ್ಟ್ರು: ನಿಮ್ಮಪ್ಪನಿಗೆ?

ಗೌಡ: ನಮ್ಮಪ್ಪ ಗೇಣಿದಾರ. ಅವನ ಪಾಲಿಗೆ ನಾಯಿ ತುಳಿದ ರಾಗಿ ಪೈರು. ಕೇಳಿದ್ದು ಯಜಮಾನ್ರನ್ನ, ‘ಹೂಂ’ ಅಂದೋರು ಯಜಮಾನ್ರು, ಗೊನೆ ಮುಟ್ಟಿದ್ದೂ ಅವರಿಗೇ. ಬದುವಿನ ಮೇಲೆ ನಿಂತು ನೋಡ್ತಿದ್ದೋನ್ನ ಯಾರೂ ಮಾತಾಡಿಸ್ಲಿಲ್ಲ.

ಮೇಷ್ಟ್ರು: 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ಬಂತಲ್ಲ. ಉಳುತ್ತಿದ್ದ ನಿಮ್ಮಪ್ಪನೇ ಒಡೆಯನಾದ.

ಗೌಡ: ಆದ. ಅಷ್ಟೊತ್ತಿಗೆ ಬೇಟೆ ಅಪ್ಪಣೆ ಸರ್ಕಾರದ ಕೈಗೆ ಹೋಗಿತ್ತು! 1972ರಲ್ಲೇ ಕಾಯ್ದೆ ಬಂದಿತ್ತು.

ಮೇಷ್ಟ್ರು: ಅದು ನಿಜ. ಈಗಂತೂ ವನ್ಯಜೀವಿ ಕಾಯ್ದೆ ಪ್ರಕಾರ ನಿನ್ನ ಹೊಲದಲ್ಲಿ ಹಂದಿ ಹೊಡೆಯೋಕೆ ನೀನೂ ಅಪ್ಪಣೆ ಕೊಡೋ ಹಾಗಿಲ್ಲ, ನಾನೂ ಕೊಡೋ ಹಾಗಿಲ್ಲ. ಬೆಳೆಗೆ ಅಪಾಯ ಅಂತ ಖಾತ್ರಿಯಾದರೆ ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಹಂದಿ ತಾನಾಗಿ ಸತ್ತು ನಿನ್ನ ಗದ್ದೇಲಿ ಬಿದ್ದಿದ್ದರೂ ಅದು ಸರ್ಕಾರದ ಸ್ವತ್ತು. ಅಮೆರಿಕದಲ್ಲಿ ಹೀಗಲ್ಲ. ಜಿಂಕೆ ಹೊಡೆಯೋ ಲೈಸೆನ್ಸು ಸರ್ಕಾರದ್ದು, ಜಮೀನಿಗೆ ಕಾಲಿಡೋ ಅಪ್ಪಣೆ ರೈತನದು. ಬೇಟೆ ಮುಗಿದ ಮೇಲೆ ಒಳ್ಳೆ ಬೇಟೆಗಾರ ರೈತನ ಮನೆಗೆ ಮಾಂಸ ಮುಟ್ಟಿಸ್ತಾನೆ, ಬೇಲಿ ಮುರಿದಿದ್ರೆ ಕಟ್ಟಿಕೊಡ್ತಾನೆ, ವಂದನೆ ಬರೆದು ಕಾರ್ಡು ಕಳಿಸ್ತಾನೆ.

ಗೌಡ: ಬೇಲಿ ಸರಿ. ಕಾರ್ಡು ತಕಂಡು ಏನ್ ಮಾಡಾನ?

ಮೇಷ್ಟ್ರು: ನಗಬೇಡ. ಮಾಂಸ ಕೊಟ್ಟರೆ ಅದೂ ಕೂಲಿಯಂತೆ ಕಾಣಬಹುದು. ಕಾರ್ಡಿಗೆ ಬೆಲೆಯಿಲ್ಲ, ಅದಕ್ಕೇ ಅದು ಲೆಕ್ಕಕ್ಕೆ ಸೇರೋದಿಲ್ಲ. ಕುರಿಯಣ್ಣ ‘ಹೊಟ್ಟೆ ತಣ್ಣಗಿರ್ಲಿ’ ಅಂದನಲ್ಲ, ಅದೂ ಹಾಗೇ.

ಗೌಡ: ನಾನು ಅದನ್ನ ಒಪ್ಪಾಕಿಲ್ಲ. ಕೊಟ್ಟಿದ್ದು ಮಾಂಸವೋ ಮಾತೋ, ಎಲ್ಲಾ ಆಮೇಲಿಂದು. ‘ಬ್ಯಾಡ’ ಅನ್ನೋ ತಾಕತ್ತಿದ್ದೋನು ‘ಹೂಂ’ ಅಂದ್ರೆ ತಾನೆ ಅದು ಅಪ್ಪಣೆ? ದೊರೆಗಳು, ದೊರೆಗಳ ಅತಿಥಿಗಳು ಶಿಕಾರಿಗೆ ಬಂದಾಗ ಹೊಲದೋನು ಬ್ಯಾಡ ಅಂತಿದ್ನಾ? ಸೋವೋಕೆ ಕರೆದ್ರೆ ತಮಟೆ ಹೊಡ್ಕಂಡು ಹೋಗ್ಬೇಕಿತ್ತು. ಅಂಥಾ ಕಡೆ ‘ನಿನ್ನಿಂದ ಉಪಕಾರವಾಯ್ತಪ್ಪ’ ಅಂದ್ರೆ ಅದು ಅಣಕ.

ಮೇಷ್ಟ್ರು: ಇದು ರೈತಸಂಘದ ಮಾತು.

ಗೌಡ: ಮತ್ತೆ? ಸಂಘದ ಮುಖಂಡ್ರು ಪುಟ್ಟಣ್ಣಯ್ಯನೋರ ಊರು ಇದು. 1980ರಲ್ಲಿ ಸಂಘ ಹುಟ್ಟಿದ ಮೇಲೆ ಹಳ್ಳಿ ಹಳ್ಳಿ ಮುಂದೆ ಬೋರ್ಡು ಬಿತ್ತು, ಕೇಳದೆ ಯಾವ ಅಧಿಕಾರಿಯೂ ಊರೊಳಕ್ಕೆ ಬರಂಗಿಲ್ಲ ಅಂತ. ಅಲ್ಲೀಗಂಟ ಜಪ್ತಿಗೆ ಬಂದೋರು ಸೀದಾ ನಡುಮನೆಗೆ ಬರೋರು, ನಾವೇ ನೀರು ಕೊಟ್ಟು ಕೈ ಮುಗಿಯೋರು. ಬೋರ್ಡು ಬಿದ್ದ ಮೇಲೆ ಅದೇ ಸಾಹೇಬ್ರು ಬಾಗಿಲಲ್ಲಿ ನಿಂತು ‘ಬರಬಹುದಾ ಗೌಡ್ರೇ?’ ಅಂದ್ರು. ಕೆಲವ್ರನ್ನ ಬನ್ನಿ ಅಂದೋ, ಟೀನೂ ಕೊಟ್ಟೋ. ಹೋಗೋವಾಗ ‘ಬತ್ತೀನಿ’ ಅಂತ ಹೇಳಿ ಹೋದ್ರು. ಆ ಮಾತು ಅದಕ್ಕೆ ಮುಂಚೆ ಅವರ ಬಾಯಲ್ಲಿ ಬಂದಿದ್ದೇ ಇಲ್ಲ.

ಮೇಷ್ಟ್ರು: ಹಾಗಾದ್ರೆ ಮಳೆಗೆ ಯಾಕೆ ಕೈ ಮುಗೀತೀಯ? ಮಳೆ ಬೇಡ ಅನ್ನುತ್ತಾ?

ಕುರಿಯಣ್ಣ: ಅನ್ನುತ್ತೆ ಮೇಷ್ಟ್ರೇ. ನಮ್ಮ ಶಿರಾ ಕಡೆ ಬಂದು ನೋಡಿ.

(ಮೂವರೂ ನಗುತ್ತಾರೆ.)

ಮೇಷ್ಟ್ರು: ಸೋತೆ ಬಿಡು. ಆದ್ರೆ ಗೌಡ, ನಮ್ಮ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ವಿಷಯ ಏನಂತೀಯ? ಮದ್ದೂರು ತಾಲ್ಲೂಕಿನಲ್ಲಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಹುಣಸೆ ಮರದ ಮೇಲೆ ಗೂಡು ಕಟ್ಟುತ್ತವೆ. ಮರ ಊರವರದು, ಎಷ್ಟೋ ಮರ ಮನೆ ಹಿತ್ತಲಲ್ಲೇ. ಹುಣಸೆ ಫಸಲು ಹಾಳು, ಅಂಗಳವೆಲ್ಲ ಹಿಕ್ಕೆ, ಮೀನಿನ ನಾತ. ಹಕ್ಕಿ ಯಾರ ಅಪ್ಪಣೆ ಕೇಳಿತ್ತು? ಆದರೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಅಲ್ಲಿನವರು. ಆಮೇಲೆ ಅರಣ್ಯ ಇಲಾಖೆ ಮರದ ಯಜಮಾನರಿಗೆ ಹಣ ಕೊಡೋಕೆ ಶುರು ಮಾಡಿತು, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯ್ತು. ಹಣ ಬಂದ ಮೇಲೆ ತವರಿನ ಮಾತು ಸುಳ್ಳಾಯ್ತಾ?

ಗೌಡ: ಯಾಕಾದಾತು? ದುಡ್ಡು ಹುಣಸೆಹಣ್ಣಿಗೆ. ಅವರು ಮರ ಕಡಿಸ್ಬಹುದಿತ್ತು, ಗೂಡು ಕಟ್ಟೋ ಮುಂಚೆ ಕೊಂಬೆ ಸವರಿಸ್ಬಹುದಿತ್ತು, ಯಾರೂ ಕೇಳ್ತಿರ್ಲಿಲ್ಲ. ಮಾಡ್ಲಿಲ್ಲ. ಅದಕ್ಕೆ ದುಡ್ಡು ಕೊಡೋಕಾಗಾಕಿಲ್ಲ, ಅದನ್ನ ನೆನೀಬೇಕು. ಹಣ್ಣಿಗೂ ಕೊಟ್ಟು, ಕಡೀದಿದ್ದಕ್ಕೂ ನೆನೆದ್ರೆ ತಪ್ಪೇನು? ಬರೀ ನೆನೆದು ಹಣ್ಣಿನ ದುಡ್ಡು ತಪ್ಪಿಸೋರು ಕಂಡ್ರೆ ನಂಗೆ ಆಗಾಕಿಲ್ಲ.

ಮೇಷ್ಟ್ರು: ಯಾರಿಗೋ ಹೇಳ್ತಿದ್ದೀಯ.

ಗೌಡ: ಸಭೆ ಮಾಡಿ ಶಾಲು ಹೊದಿಸೋರಿಗೆ. ‘ಕಾಡುಪ್ರಾಣಿ ಸಹಿಸಿಕೊಂಡ ರೈತನಿಗೆ ನಮನ’ ಅಂತಾರೆ. ನಾನೆಲ್ಲಿ ಸಹಿಸ್ಕಂಡೆ? ರಾತ್ರಿ ಹಂದಿ ಬಂದು ಕಬ್ಬು ಮುರಿದು ಹೋಯ್ತದೆ, ನವಿಲು ಬಿತ್ತಿದ್ದ ಕಾಳು ಹೆಕ್ಕಿ ತಿನ್ನುತ್ತದೆ. ನಾಗಮಂಗಲದ ಆದಿಚುಂಚನಗಿರೀಲಿ ನವಿಲಿಗೇ ಒಂದು ಧಾಮ ಅದೆ, ಸಂತೋಷ. ಆದ್ರೆ ನನ್ನ ಹೊಲದಲ್ಲಿ ನಂಗೆ ಬ್ಯಾಡ ಅನ್ನೋ ಹಕ್ಕಿಲ್ಲ. ಆ ಮೇಲೆ ನಮನ ಬ್ಯಾಡ, ನಷ್ಟ ಕಟ್ಟಿಕೊಡಿ ಸಾಕು.

ಕುರಿಯಣ್ಣ: ತೋಳದ್ದೂ ಹಂಗೇ ಅಣ್ಣ. ತೋಳಕ್ಕೆ ಅಂತ ಇಲ್ಲೇ ಎಲ್ಲೋ ಕಾಡು ಬಿಟ್ಟವ್ರಂತೆ?

ಮೇಷ್ಟ್ರು: ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬೆಟ್ಟ. 1974ರಲ್ಲಿ ವನ್ಯಧಾಮ ಮಾಡಿದ್ರು, ಸುಮಾರು 50 ಚದರ ಕಿಲೋಮೀಟರ್. ಉಳುವವನಿಗೂ ತೋಳಕ್ಕೂ ಒಂದೇ ವರ್ಷ ನೆಲ ಸಿಕ್ಕಿತು ನೋಡು.

ಕುರಿಯಣ್ಣ: ಒಂದು ಮರಿ ಒಯ್ದರೆ ನಮ್ಮ ಹಿರೀಕರು ಅದರ ಪಾಲು ಅದಕ್ಕೆ ಅನ್ನೋರು. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ, ನಾಯಿ ಬಿಡ್ತೀನಿ. ಆದ್ರೆ ವಿಷ ಇಡಾಕಿಲ್ಲ. ಇಟ್ಟೋರನ್ನ ನೋಡೀನಿ.

ಗೌಡ: ನೋಡಿ ಮೇಷ್ಟ್ರೇ, ವಿಷ ಅವನ ಕೈಗೆ ಎಟುಕ್ತಿತ್ತು, ಮುಟ್ಲಿಲ್ಲ. ಶಾಲು ಹೊದಿಸೋದಾದ್ರೆ ಇವನಿಗೆ ಹೊದಿಸಿ.

ಮೇಷ್ಟ್ರು: ಕಂಬಳಿ ಇದೆಯಲ್ಲ ಅವನಿಗೆ. ಅದಿರಲಿ, ಹೋದ ವರ್ಷ ಹಂದಿ ಕಬ್ಬು ಮುರಿದದ್ದಕ್ಕೆ ಪರಿಹಾರ ಬಂತಲ್ಲ.

ಗೌಡ: ಬಂತು. ಪಹಣೀಲಿ ಯಾರ ಹೆಸರದೆ?

(ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.)

ಮೇಷ್ಟ್ರು: ನನ್ನದು. ವಾರ ಬರೀ ಬಾಯಿಮಾತಿಂದು, ಕಾಗದದಲ್ಲಿ ನೀನಿಲ್ಲ. ಹಣ ನನ್ನ ಖಾತೆಗೆ ಬಿತ್ತು. ಅರ್ಧ ಕೊಡ್ತೀನಿ.

ಗೌಡ: ವಾರ ಅರ್ಧ, ಒಪ್ತೀನಿ. ಬಿತ್ತನೆ, ಗೊಬ್ಬರ, ಆಳು ಖರ್ಚು ನಂದಲ್ವಾ? ಮೊದ್ಲು ಅದನ್ನ ಕಳೆದು ಆಮೇಲೆ ಅರ್ಧ ಮಾಡಿ.

ಮೇಷ್ಟ್ರು: ಕೂತು ಲೆಕ್ಕ ಹಾಕೋಣ.

ಗೌಡ: ನಾಳೆಯೇ ಹಾಕಾನ. ನೀವು ಮೈಸೂರಿಗೆ ಹೋದ್ರೆ ಮತ್ತೆ ಸಿಕ್ಕೋದು ಗೌರಿಹಬ್ಬಕ್ಕೆ.

ಕುರಿಯಣ್ಣ: ಆ ಮರಿ ಯಾರಿಗೆ ಕೊಡ್ಲಿ ಈಗ?

ಮೇಷ್ಟ್ರು: ಗೌಡನಿಗೆ ಕೊಡು. ಇಲ್ಲಿ ‘ಇಳ್ಕೋ’ ಅಂದವನು ಅವನು, ನಾನು ಆಮೇಲೆ ಫೋನಿನಲ್ಲಿ ಕೇಳಿದ್ದು.

ಗೌಡ: ನಂಗೆ ಮರಿ ಮೇಯ್ಸೋಕೆ ಪುರುಸೊತ್ತಿಲ್ಲ. ಬೆಳಿಗ್ಗೆ ಒಂದು ಚೊಂಬು ಕುರಿಹಾಲು ಕೊಡು, ಮೊಮ್ಮಗಳು ಕೇಳ್ತಾವ್ಳೆ.

ಕುರಿಯಣ್ಣ: ಆಗ್ಲಿ. ನಾಳೆ ರಾತ್ರಿಗೆ ಆ ನಾಲೆ ಪಕ್ಕದ ಗದ್ದೆ ಆದೀತಾ ಅಣ್ಣ? ಅದೂ ನಿಮ್ದೇ ಅಲ್ವಾ?

ಗೌಡ: ನಂದೇ. ಬ್ಯಾಡ. ಉದ್ದು ಚೆಲ್ಲಿದೀನಿ, ಮೊಳಕೆ ಬಂದದೆ.

ಕುರಿಯಣ್ಣ: ಹಂಗಾದ್ರೆ ಬಿಡಿ. ಅದರಾಚೇದು ಯಾರ್ದು?